ಕೊರಳಿಂದ ಕೆಳಕ್ಕೆ

ಅಪ್ಪಯ್ಯ ತೋಟದ ಸಂಕ ದಾಟುವಾಗ ಜಾರಿ ಬಿದ್ದದ್ದು 2006ರ ಮಳೆಗಾಲ ಮುಗಿಯುತ್ತ ಬಂದಾಗ. ಬಲಗಡೆಯ ಕಾಲರ್ ಬೋನು ಮುರಿಯಿತು. ಆರು ವಾರ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಜಗಲಿಯಲ್ಲಿ ಕೂತರು. ಎಲುಬು ಕೂಡಿತು. ಆದರೆ ಕೂಡಿದ ಜಾಗದಲ್ಲಿ ಅಡಿಕೆಯಷ್ಟು ದಪ್ಪದ ಗಂಟೊಂದು ಉಳಿಯಿತು. ಹೆಗಲು ಬಿಗಿದುಕೊಂಡು ಕೈ ಎದೆಮಟ್ಟಕ್ಕಿಂತ ಮೇಲೆ ಏಳದಾಯಿತು. ಕನ್ನಡಿಯ ಮುಂದೆ ನಿಂತರೆ ಬಲಹೆಗಲು ಎಡದ್ದಕ್ಕಿಂತ ಒಂದು ಬೆರಳು ಕೆಳಗೆ.

ಡಿಸೆಂಬರ್ ಹೊತ್ತಿಗೆ ನಮ್ಮ ತೀರ್ಥಹಳ್ಳಿ ಕಡೆ ಕೊಯ್ಲು ಜೋರು. ಹಗಲೆಲ್ಲ ಕೊನೆ ಇಳಿಸುವುದು, ಸಂಜೆಯಿಂದ ಸುಲಿಯುವುದು, ರಾತ್ರಿ ಬೇಯಿಸುವುದು. ಮನೆಯ ಹಿಂದಿನ ಮಾಡಿನಡಿ ಮೆಟ್ಟುಗತ್ತಿಗಳ ಮುಂದೆ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂರುತ್ತಿದ್ದರು. ಪಕ್ಕದ ದೊಡ್ಡ ಒಲೆಯ ಮೇಲೆ ತಾಮ್ರದ ಹಂಡೆ, ಅದರೊಳಗೆ ಕೆಂಪಗೆ ಕುದಿಯುವ ಚೊಗರು, ಚೊಗರಿನಲ್ಲಿ ಮುಳುಗೇಳುವ ಅಡಿಕೆ. ಆ ಒಲೆಯೇ ನಮಗೆಲ್ಲ ಚಳಿ ಕಾಯಿಸಿಕೊಳ್ಳುವ ಬೆಂಕಿ. ಕೈ ಆಡದಿದ್ದರೂ ಅಪ್ಪಯ್ಯ ಅಲ್ಲೇ ಒಂದು ಮಣೆಯ ಮೇಲೆ ಕೂತು, ಎಡಗೈಯಿಂದ ಕುಂಟೆ ಮುಂದೆ ತಳ್ಳುತ್ತ, ಬೆಂದ ಹದ ನೋಡುತ್ತ ರಾತ್ರಿ ಹನ್ನೊಂದರವರೆಗೂ ಇರುತ್ತಿದ್ದರು.

ಅವರ ಮೈಮೇಲೆ ನೀಲಿ ಸ್ವೆಟರು. ದೊಡ್ಡತ್ತೆ, ಅಂದರೆ ಅಪ್ಪಯ್ಯನ ಅಕ್ಕ, ಇಪ್ಪತ್ತು ವರ್ಷದ ಹಿಂದೆ ತಮ್ಮನಿಗೆ ಹಾಕಿಕೊಟ್ಟದ್ದು. ಮಾವ ಸೈನ್ಯದಲ್ಲಿದ್ದವರು. ಅಂಬಾಲದ ಕ್ವಾರ್ಟರ್ಸಿನಲ್ಲಿ ಚಳಿಗಾಲದ ಬಿಸಿಲಿಗೆ ಮಂಚ ಹಾಕಿಕೊಂಡು ಕೂತ ಪಂಜಾಬಿ ಹೆಂಗಸರಿಂದ ಅತ್ತೆ ಹೆಣಿಗೆ ಕಲಿತರು. ಅದಕ್ಕೇ ಊರಿಗೆ ಬಂದು ಎಷ್ಟು ವರ್ಷವಾದರೂ ಕುಣಿಕೆಗೆ ಅವರ ಬಾಯಲ್ಲಿ 'ಫಂದಾ' ಅಂತಲೇ ಹೆಸರು. ನನಗೆ ಸೀದಾ ಉಲ್ಟಾ ಕಲಿಸಿದವರೂ ಅವರೇ. ಬೆನ್ನು ಒಂದು ತುಂಡು, ಎದೆ ಒಂದು ತುಂಡು, ತೋಳು ಎರಡು. ನಾಲ್ಕನ್ನೂ ಬೇರೆ ಬೇರೆ ಹೆಣೆದು ಕೊನೆಗೆ ದಬ್ಬಣದಲ್ಲಿ ಹೊಲಿದು ಸೇರಿಸುವುದು. ಸ್ವೆಟರು ಅಂದರೆ ಹಾಗೆಯೇ ಎಂದು ನಾನೂ ತಿಳಿದಿದ್ದೆ.

ರಜೆ ಹಾಕಿ ಊರಿಗೆ ಬಂದ ಮೊದಲ ರಾತ್ರಿಯೇ ಗಮನಿಸಿದೆ. ಅಪ್ಪಯ್ಯ ಪಾಣಿಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸ್ವೆಟರಿನ ಒಳಗೆ, ಬಲಹೆಗಲಿನ ಮೇಲೆ ತುರುಕಿಕೊಳ್ಳುತ್ತಿದ್ದರು. ಕೈ ಅಲ್ಲಾಡಿಸಿದಾಗೆಲ್ಲ ಅದು ಜಾರುತ್ತಿತ್ತು, ಮತ್ತೆ ತುರುಕಿಕೊಳ್ಳುತ್ತಿದ್ದರು. "ಅದೆಂತಕ್ಕೆ ಅಪ್ಪಯ್ಯ?" ಅಂದೆ. ಮೆಟ್ಟುಗತ್ತಿಗಳ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಅಲ್ಲೊಂದು ಗೆರೆ ಒತ್ತತ್ತೆ. ಎಲುಬಿನ ಮೇಲೇ ಕೂರತ್ತೆ. ಅಕ್ಕಯ್ಯಂಗೆ ಹೇಳಬೇಡ."

ಮಲಗುವಾಗ ಅವರು ಕಳಚಿಟ್ಟ ಸ್ವೆಟರನ್ನು ಒಳಮಗ್ಗುಲು ತಿರುಗಿಸಿ ನೋಡಿದೆ. ಕೊರಳಿನಿಂದ ತೋಳಿನ ತುದಿವರೆಗೆ, ಪೆನ್ಸಿಲ್ಲಿನಷ್ಟು ದಪ್ಪ, ಅತ್ತೆಯ ಹೊಲಿಗೆ. ಎರಡು ಅಂಚು ಸೇರಿದ ಕಡೆ ಉಲ್ಲನ್ನು ಗಟ್ಟಿಯಾಗಿ ಹುರಿಗೊಂಡಂತೆ ಆಗಿತ್ತು. ಮೇಲಿನಿಂದ ನೋಡಿದರೆ ಏನೂ ಕಾಣದಷ್ಟು ಅಚ್ಚುಕಟ್ಟು. ಇಪ್ಪತ್ತು ವರ್ಷ ಯಾರಿಗೂ ತೊಂದರೆ ಕೊಡದ ಹೊಲಿಗೆ ಅದು. ಈಗ ಆ ಗಂಟಿನ ಮೇಲೆಯೇ ಬಂದು ಕೂತಿತ್ತು.

ಹೊಲಿಗೆಯೇ ಇಲ್ಲದ ಸ್ವೆಟರು ಹಾಕಬಹುದು ಎಂದು ನನಗೆ ಗೊತ್ತಿದ್ದದ್ದು ಚಿಕ್ಕಮ್ಮನ ಮಗಳಿಂದ. ಅವಳು ಅಮೆರಿಕದಿಂದ ಬಂದಾಗ ಒಂದು ಪುಸ್ತಕ ತಂದುಕೊಟ್ಟಿದ್ದಳು: ಬಾರ್ಬರಾ ವಾಕರ್ ಎಂಬಾಕೆ 1972ರಲ್ಲಿ ಬರೆದ 'ನಿಟಿಂಗ್ ಫ್ರಮ್ ದ ಟಾಪ್'. ಕೊರಳಿನಿಂದ ಶುರುಮಾಡಿ ಕೆಳಗಿಳಿಯುತ್ತ ಇಡೀ ಸ್ವೆಟರನ್ನು ಒಂದೇ ತುಂಡಾಗಿ ಹೆಣೆಯುವ ಬಗೆ ಅದರಲ್ಲಿದೆ. ಅದಕ್ಕೂ ಒಂದು ವರ್ಷ ಮೊದಲು ಎಲಿಜಬೆತ್ ಝಿಮ್ಮರ್‌ಮನ್ ಎಂಬ ಇನ್ನೊಬ್ಬಾಕೆ, ಇಂಗ್ಲೆಂಡಿನಲ್ಲಿ ಹುಟ್ಟಿ ವಿಸ್ಕಾನ್ಸಿನ್ನಿನಲ್ಲಿ ನೆಲೆಸಿದವರು, ಹೊಲಿಗೆಯ ಹಂಗಿಲ್ಲದೆ ಹೆಣೆಯುವುದರ ಬಗ್ಗೆ ಒಂದು ಪುಸ್ತಕ ಬರೆದು ಹೆಸರಾಗಿದ್ದರು. ಟೀವಿಯಲ್ಲೂ ಹೆಣಿಗೆ ಕಲಿಸಿದವರು ಅವರು. ಆದರೆ ನಾನು ಆಗ ಪುಸ್ತಕ ಓದುವ ತಾಳ್ಮೆ ಮಾಡಲಿಲ್ಲ. ಅದರ ಹಾಳೆಗಳ ನಡುವೆ ತಂಗಿ ಮಡಚಿಟ್ಟಿದ್ದ ಒಂದು ನಮೂನೆಯ ಚೀಟಿ ಇತ್ತು. ಗಂಡಸರ ಸ್ವೆಟರು, ಎದೆ 40 ಇಂಚು, ಮೈಗೆ 180 ಕುಣಿಕೆ, 8 ನಂಬರಿನ ಕಡ್ಡಿ. ಇಷ್ಟು ಸಾಕು ಅಂದುಕೊಂಡೆ.

ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಕಾಫಿ ಬಣ್ಣದ ಉಲ್ಲನ್, 50 ಗ್ರಾಮಿನ 11 ಉಂಡೆ, ತಂದೆ. ಬಣ್ಣ ಆರಿಸಿದ್ದು ಚೊಗರಿನ ನೆನಪಿನಿಂದ. ಆ ಒಲೆಯ ಪಕ್ಕ ಕೂರುವವರಿಗೆ ತಿಳಿ ಬಣ್ಣದ ಬಟ್ಟೆ ನಾಲ್ಕು ದಿನ ತಡೆಯುವುದಿಲ್ಲ. ಜೊತೆಗೆ 8 ನಂಬರಿನ ವೃತ್ತದ ಕಡ್ಡಿ. ಎರಡು ತುದಿಗೆ ಗೇಣುದ್ದದ ಕಡ್ಡಿ, ನಡುವೆ ಬಾಗುವ ಪ್ಲಾಸ್ಟಿಕ್ ಎಳೆ. ಕುಣಿಕೆಗಳೆಲ್ಲ ಆ ಎಳೆಯ ಮೇಲೆ ಕೂರುತ್ತವೆ, ಸುತ್ತಿ ಸುತ್ತಿ ಹೆಣೆಯುತ್ತ ಹೋಗಬಹುದು.

ಅತ್ತೆ ಸುಲಿಯುತ್ತಲೇ ನೋಡುತ್ತಿದ್ದರು. "ಬೆನ್ನು ಯಾವುದು, ಎದೆ ಯಾವುದು?" ಅಂದರು. ಎರಡೂ ಒಟ್ಟಿಗೇ ಆಗುತ್ತದೆ, ಹೊಲಿಯುವುದಿಲ್ಲ ಅಂದೆ. "ಹೊಲಿಯದೇ ಎಂತಕ್ಕೆ? ಹೊಲಿಗೆ ಇದ್ರೆ ತಾನೇ ಗಟ್ಟಿ ನಿಲ್ಲೋದು?" ನಾನು ಅಪ್ಪಯ್ಯನ ಮುಖ ನೋಡಿದೆ. ಅವರು ಕುಂಟೆ ತಳ್ಳುತ್ತಿದ್ದರು. "ಹೊಸದೊಂದು ನೋಡುವ ಅಂತ, ಅತ್ತೆ," ಎಂದಷ್ಟೇ ಹೇಳಿದೆ.

ಹನ್ನೆರಡು ರಾತ್ರಿ ಹೆಣೆದೆ. ಕಂಕುಳು ದಾಟಿ ನಾಲ್ಕು ಇಂಚು ಇಳಿದಾಗ, ತೊಡಿಸಿ ನೋಡಬೇಕು ಎಂದು ಚೀಟಿ ಹೇಳಿತು. ಕುಣಿಕೆಗಳನ್ನು ಉದ್ದನೆಯ ನೂಲಿಗೆ ಇಳಿಸಿ ಅಪ್ಪಯ್ಯನನ್ನು ಬೆಳಕಿಗೆ ಕರೆದೆ. ಎಡಗೈ ಹಾಕಿದರು. ತಲೆ ತೂರಿಸಿದರು. ಬಲಗೈ ಏಳಲಿಲ್ಲ. ನಾನು ಕೆಳಗಿನಿಂದ ತೋಳಿನ ಕಂಡಿ ಹುಡುಕಿ ಕೈಯನ್ನು ಅದರೊಳಗೆ ನೂಕಲು ಹೋದೆ. ಸ್ವೆಟರು ಎದೆಯ ಮೇಲೆ ಹಿಡಿದುಕೊಂಡು ಮೇಲೂ ಹೋಗದು, ಕೆಳಗೂ ಬರದು. ಅಪ್ಪಯ್ಯನ ಮುಖ ಕಾಣುತ್ತಿರಲಿಲ್ಲ, ಉಲ್ಲನ್ನಿನ ಒಳಗೇ ಇತ್ತು. ಅಲ್ಲಿಂದ ಒಂದು ಸಣ್ಣ ಸದ್ದು ಬಂತು. ನೋವಾದಾಗ ಮಕ್ಕಳ ಎದುರು ಗಂಡಸರು ನುಂಗಿಕೊಳ್ಳುವ ಸದ್ದು. ಮೆಟ್ಟುಗತ್ತಿಗಳೆಲ್ಲ ಒಮ್ಮೆಗೇ ನಿಂತವು.

ಅತ್ತೆ ಎದ್ದು ಬಂದರು. ಕೈಗೆ ಹತ್ತಿದ್ದ ಚೊಗರನ್ನು ಸೆರಗಿಗೆ ಒರೆಸಿಕೊಂಡು, ಒಂದು ಮಾತೂ ಆಡದೆ, ಕತ್ತಿನ ಕಡೆಯಿಂದ ಹಿಗ್ಗಿಸಿ ಮೆತ್ತಗೆ ಸ್ವೆಟರನ್ನು ಬಿಡಿಸಿದರು. ಆಮೇಲೆ ಅದನ್ನು ಮೊಣಕಾಲಿನ ಮೇಲೆ ಹಾಸಿ ಟೇಪು ತರಿಸಿದರು. "ಇಂಚಿಗೆ ಎಷ್ಟು ಫಂದಾ ಬರಬೇಕು ಅಂತ ಬರೆದಿದ್ದಾರೆ?" ನಾಲ್ಕೂವರೆ ಅಂದೆ. ಉಗುರಿನಿಂದ ಒಂದೊಂದೇ ಎಣಿಸಿದರು. "ಇಲ್ಲಿ ಐದೂವರೆ ಇದೆ ಮಾರಾಯ್ತಿ."

180ನ್ನು ಐದೂವರೆಯಿಂದ ಭಾಗಿಸಿದರೆ 33 ಇಂಚೂ ಆಗುವುದಿಲ್ಲ. ತಪ್ಪು ಎಲ್ಲಿ ಅಂತ ಗೊತ್ತಾದದ್ದು ಮರುದಿನ, ಆ ಪುಸ್ತಕವನ್ನು ಮೊದಲಿನಿಂದ ಓದಿದಾಗ. ನಮ್ಮಲ್ಲಿ ಸಿಗುವ ಕಡ್ಡಿಗೆ ಹಳೆಯ ಬ್ರಿಟಿಷ್ ನಂಬರು: ನಂಬರು ಹೆಚ್ಚಿದಂತೆ ಕಡ್ಡಿ ಸಣ್ಣ. ಅಮೆರಿಕದಲ್ಲಿ ತಿರುವುಮುರುವು, ನಂಬರು ಹೆಚ್ಚಿದಂತೆ ಕಡ್ಡಿ ದಪ್ಪ. ನಮ್ಮ 8 ಅಂದರೆ 4 ಮಿಲಿಮೀಟರು, ಅವರ 8 ಅಂದರೆ 5. ಹೆಣಿಗೆಯಲ್ಲಿ ಒಂದು ಮಿಲಿಮೀಟರು ದೊಡ್ಡ ಮಾತು. ಅಂಗೈಯಗಲದ ಒಂದು ತುಂಡನ್ನು ಮೊದಲು ಹೆಣೆದು ಅಳೆದಿದ್ದರೆ ಅರ್ಧ ಗಂಟೆಯಲ್ಲಿ ತಿಳಿಯುತ್ತಿತ್ತು. ಅದನ್ನು ಮಾಡದೆ ಉಳಿಸಿದ ಅರ್ಧ ಗಂಟೆಗೆ ಅಪ್ಪಯ್ಯನ ಹೆಗಲು ನೋವು ತಿಂದಿತು. ಅಂದಿನಿಂದ ಅಳತೆಯ ತುಂಡು ಹೆಣೆಯದೆ ನಾನು ಯಾರಿಗೂ ಏನನ್ನೂ ಶುರುಮಾಡಿಲ್ಲ.

ಬಿಚ್ಚಿದೆವು. ಹನ್ನೆರಡು ರಾತ್ರಿಯ ಕೆಲಸ ಒಂದು ಗಂಟೆಯಲ್ಲಿ ಶಾವಿಗೆಯಂತೆ ಸುರುಳಿ ಸುರುಳಿಯಾಗಿ ಅತ್ತೆಯ ಮಡಿಲಲ್ಲಿ ಬಿತ್ತು. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ಲಡಿ ಮಾಡಿ, ಬೆಚ್ಚನೆಯ ನೀರಿನಲ್ಲಿ ಅದ್ದಿ, ಒಲೆಯಿಂದ ದೂರಕ್ಕೆ ಹಗ್ಗ ಕಟ್ಟಿ ಹರವಿದೆವು. ಎರಡು ದಿನಕ್ಕೆ ಸುಕ್ಕು ಬಿಟ್ಟು ನೇರವಾಯಿತು.

"ತಲೆ ಮೇಲಿಂದ ಹಾಕೋದು ಬೇಡ," ಅಂದರು ಅತ್ತೆ. "ಮುಂದೆ ತೆರೆದಿರಲಿ. ನೋವಿರೋ ಕೈ ಮೊದಲು ಹೋಗಲಿ, ಸರಿ ಇರೋದು ಆಮೇಲೆ." ನನಗೇ ಹೊಳೆಯಬೇಕಿದ್ದ ಮಾತು. ವೃತ್ತದ ಕಡ್ಡಿಯಲ್ಲಿ ಸುತ್ತು ಹೆಣೆಯದೆ ಆಚೆ ಈಚೆ ತಿರುಗಿಸಿ ಹೆಣೆದರಾಯಿತು, ಮುಂದೆ ತೆರೆದಂತೆಯೇ ಬರುತ್ತದೆ. ಹೊಲಿಗೆ ಆಗಲೂ ಬೇಕಿಲ್ಲ.

ಈ ಸಲ ಚೀಟಿ ಬಿಟ್ಟು ಪುಸ್ತಕ ಹಿಡಿದೆ. ಲೆಕ್ಕ ನಮ್ಮದೇ. ಕೊರಳಿಗೆ 80 ಕುಣಿಕೆ. ಬೆನ್ನಿಗೆ 30, ಮುಂದಿನ ಎರಡು ಭಾಗಕ್ಕೆ 15-15, ತೋಳುಗಳಿಗೆ 10-10. ತೋಳು ಮೈಗೆ ಸೇರುವ ನಾಲ್ಕು ಕಡೆ ಬಣ್ಣದ ನೂಲಿನ ಗುರುತು. ಪ್ರತಿ ಸೀದಾ ಸಾಲಿನಲ್ಲಿ ಆ ಗುರುತಿನ ಆಚೆ ಒಂದು, ಈಚೆ ಒಂದು ಕುಣಿಕೆ ಏರಿಸಬೇಕು, ಸಾಲಿಗೆ ಎಂಟಾಯಿತು. ಉಲ್ಟಾ ಸಾಲಿನಲ್ಲಿ ಏರಿಕೆ ಇಲ್ಲ. ಹೀಗೆ 35 ಸಲ ಏರಿಸಿದರೆ 80 ಇದ್ದದ್ದು 360 ಆಗುತ್ತದೆ, ಗೊರಬಿನ ಹಾಗೆ ಹೆಗಲ ಸುತ್ತ ಇಳಿಯುತ್ತದೆ. ಕೊರಳಿನಿಂದ ಕಂಕುಳಿಗೆ ನಾಲ್ಕು ಓರೆ ಗೆರೆ ಮಾತ್ರ ಕಾಣುತ್ತವೆ, ಅವೂ ಹೆಣಿಗೆಯೇ, ಮುಟ್ಟಿದರೆ ಮೆತ್ತಗೆ. ಹೆಗಲಿನ ಮೇಲೆ ಏನೂ ಇಲ್ಲ. ತೋಳೇ ಕೊರಳಿನವರೆಗೆ ಹತ್ತಿ ಬಂದಿರುತ್ತದೆ.

ಇಳಿದ ಹೆಗಲಿಗೆ ಉಪಾಯ ಹೇಳಿದ್ದು ಅತ್ತೆ. ಕಾಲುಚೀಲದ ಹಿಮ್ಮಡಿ ತಿರುಗಿಸುವಾಗ ಸಾಲನ್ನು ಪೂರ್ತಿ ಮಾಡದೆ ನಡುವಿನಿಂದಲೇ ಹಿಂದಿರುಗುತ್ತೇವೆ, ಅಲ್ಲಷ್ಟೇ ಹೆಣಿಗೆ ಉಬ್ಬಿ ಚೀಲವಾಗುತ್ತದೆ. "ಅದೇ ಅರ್ಧ ಸಾಲು ಎಡಹೆಗಲಿಗೆ ಹಾಕು. ಎಡ ಎತ್ತರ ಅಲ್ವಾ, ಅಲ್ಲಿಗೆ ಬಟ್ಟೆ ಜಾಸ್ತಿ ಬೇಕು." ಆರು ಅರ್ಧ ಸಾಲು ಹಾಕಿದೆ. ನೆಲದ ಮೇಲೆ ಹರಡಿದರೆ ಸ್ವೆಟರು ಸೊಟ್ಟಗೆ ಕಾಣುತ್ತಿತ್ತು. ಅಪ್ಪಯ್ಯನ ಮೇಲೆ ಹಾಕಿದರೆ ನೆಟ್ಟಗೆ.

ಕೊರಳಿನಿಂದ ಹೆಣೆಯುವುದರ ಒಂದು ಗುಣ ಇದು: ಟೇಪು ಬದಿಗಿಟ್ಟು ಆಳನ್ನೇ ಕರೆಯಬೇಕು. ಮೂರು ದಿನಕ್ಕೊಮ್ಮೆ ಅಪ್ಪಯ್ಯನನ್ನು ಎದ್ದು ನಿಲ್ಲಿಸುತ್ತಿದ್ದೆ. ಅವರ ಕತ್ತಿನ ಹಿಂದೆ ಮಚ್ಚೆ ಇರುವುದು, ಕಿವಿಯ ಕೆಳಗೆ ಕೂದಲು ಪೂರ್ತಿ ಬೆಳ್ಳಗಾಗಿರುವುದು, ಬಲತೋಳು ಎಡಕ್ಕಿಂತ ಸೊರಗಿರುವುದು, ಇದನ್ನೆಲ್ಲ ನೋಡಿದ್ದು ಆಗಲೇ. ಕಾಲೇಜಿಗೆ ಸೇರಿದ ಮೇಲೆ ನಾನು ಅಪ್ಪಯ್ಯನನ್ನು ಅಷ್ಟು ಹತ್ತಿರ ನಿಂತು ಮುಟ್ಟಿದ್ದೇ ಇಲ್ಲ. ಅವರೂ ಬೆಂಕಿಯ ಕಡೆ ಮುಖ ಮಾಡಿ, ಹೇಳಿದಷ್ಟು ಹೊತ್ತು ಸುಮ್ಮನೆ ನಿಂತಿರುತ್ತಿದ್ದರು.

ಒಂದು ರಾತ್ರಿ ಈ ತೋಳಿಗೆ ರಾಗ್ಲನ್ ಎಂದು ಹೆಸರು ಯಾಕೆ ಬಂತು ಅಂತ ಹೇಳಿದೆ. ರಾಗ್ಲನ್ ಒಬ್ಬ ಇಂಗ್ಲಿಷ್ ದಂಡನಾಯಕ. 1815ರಲ್ಲಿ ವಾಟರ್ಲೂ ಯುದ್ಧದಲ್ಲಿ ಗುಂಡು ತಗುಲಿ ಕೈ ಕತ್ತರಿಸಬೇಕಾಯಿತು. ಕತ್ತರಿಸಿದ ಕೈಯನ್ನು ಒಯ್ಯುತ್ತಿದ್ದಾಗ ಅವನು ಕೂಗಿ ನಿಲ್ಲಿಸಿದನಂತೆ, ಹೆಂಡತಿ ಕೊಟ್ಟ ಉಂಗುರ ಆ ಬೆರಳಿನಲ್ಲಿದೆ, ತಂದುಕೊಡಿ ಅಂತ. ಸುಲಿಯುತ್ತಿದ್ದವರೆಲ್ಲ ಕೈ ನಿಲ್ಲಿಸಿ ಕೇಳಿದರು. ಅದೇ ರಾಗ್ಲನ್ ಸುಮಾರು ನಲವತ್ತು ವರ್ಷದ ಮೇಲೆ ಕ್ರಿಮಿಯಾದ ಯುದ್ಧಕ್ಕೆ ಬ್ರಿಟಿಷ್ ಸೈನ್ಯದ ಮುಖ್ಯಸ್ಥನಾಗಿ ಹೋದ. 1854ರ ಅಕ್ಟೋಬರ್ 25ರಂದು ಬಾಲಕ್ಲಾವ ಎಂಬಲ್ಲಿ ಕುದುರೆ ಪಡೆ ನಡೆಸಿಕೊಂಡು ಫಿರಂಗಿಗಳ ಬಾಯಿಗೇ ನುಗ್ಗಿದವನು ಕಾರ್ಡಿಗನ್. ಮುಂದೆ ತೆರೆದ ಸ್ವೆಟರಿಗೆ ಅವನ ಹೆಸರು. ಕಿವಿ ಕತ್ತು ಮುಚ್ಚುವ ನಮ್ಮ ಮಂಕಿಕ್ಯಾಪಿಗೆ ಇಂಗ್ಲಿಷಿನಲ್ಲಿ ಆ ಊರಿನದೇ ಹೆಸರು, ಬಾಲಕ್ಲಾವ. ಒಂದೇ ಯುದ್ಧದಿಂದ ಮೂರು ಚಳಿ ಬಟ್ಟೆ.

ಅಪ್ಪಯ್ಯ ಕೇಳಿದ್ದು ಒಂದೇ. "ಯಾವ ಕೈ?"

"ಬಲಗೈ."

"ಅವರಿಗೂ ಬಲವೇ," ಅಂದರು. ಸ್ವಲ್ಪ ಹೊತ್ತು ತಮ್ಮ ಕೈಯನ್ನೇ ನೋಡಿಕೊಂಡರು.

ಕಂಕುಳಿನ ಹತ್ತಿರ ಬಂದೆ. ತೋಳುಗಳ 80-80 ಕುಣಿಕೆಯನ್ನು ನೂಲಿಗೆ ಪೋಣಿಸಿ ಬಿಟ್ಟು, ಎರಡು ಕಂಕುಳಿಗೂ 10-10 ಹೊಸ ಕುಣಿಕೆ ಹಾಕಿ, ಮೈಯನ್ನು 220ರಲ್ಲಿ ಇಳಿಸುತ್ತ ಹೋದೆ. ಅಲ್ಲಿಗೆ 40 ಇಂಚು ಸರಿಯಾಗಿ ಕೂತಿತು. ಮೈ ಮುಗಿದ ಮೇಲೆ ತೋಳುಗಳನ್ನು ಮತ್ತೆ ಎತ್ತಿಕೊಂಡು, ಕಂಕುಳಿನ ಹತ್ತನ್ನೂ ಸೇರಿಸಿ 90ರಿಂದ 48ಕ್ಕೆ ಇಳಿಸುತ್ತ, ಕಾಲುಚೀಲದ ಕಡ್ಡಿಗಳಲ್ಲಿ ಸುತ್ತು ಹೆಣಿಗೆ. ಬಲತೋಳು ಮುಂಗೈಯ ಬಾರ್ಡರ್ ಸಮೇತ ಮುಗಿಯಿತು. ಗುಂಡಿಪಟ್ಟಿಯೂ ಆಯಿತು. ಎಡತೋಳು ಮಣಿಕಟ್ಟಿಗೆ ಮೂರು ಇಂಚು ಇರುವಾಗ ಉಲ್ಲನ್ ಮುಗಿಯಿತು. ಬಾರ್ಡರಿಗೆ ಇನ್ನೂ ಮೂರು ಇಂಚು ಬೇಕು.

ಶಿವಮೊಗ್ಗಕ್ಕೆ ಮತ್ತೆ ಹೋದೆ. ಅದೇ ಬಣ್ಣ ಇತ್ತು, ಆದರೆ ಬೇರೆ ಲಾಟು. ಬಿಸಿಲಿಗೆ ಹಿಡಿದರೆ ಕೆಂಪು ಹೊಡೆಯುತ್ತಿತ್ತು. ಬರಿಗೈಯಲ್ಲಿ ವಾಪಸು ಬಂದೆ.

ಆ ರಾತ್ರಿ ಅಪ್ಪಯ್ಯನಿಗೆ ಅಪೂರ್ಣ ಸ್ವೆಟರನ್ನೇ ತೊಡಿಸಿ ಎಡತೋಳು ಅಳೆಯುತ್ತಿದ್ದೆ. ಅತ್ತೆ ಹತ್ತಿರ ಬಂದು ಹೆಗಲಿನ ಮೇಲೆ ಹೆಣಿಗೆ ಕೂತದ್ದನ್ನು ಸವರಿ ನೋಡಿದರು. ಅವರ ಹೆಬ್ಬೆರಳು ಗಂಟಿನ ಮೇಲೆ ಬಂದು ನಿಂತಿತು. ಅಲ್ಲಿಂದ ಕೊರಳಿನ ಕಡೆಗೆ, ಮತ್ತೆ ತೋಳಿನ ಕಡೆಗೆ, ಇಲ್ಲದ ಗೆರೆಯೊಂದರ ಮೇಲೆ ಬೆರಳು ಹೋಗಿ ಬಂತು. ಮಣೆಯ ಮೇಲೆ ಮಡಿಸಿಟ್ಟಿದ್ದ ಪಾಣಿಪಂಚೆಯ ಕಡೆ ಒಮ್ಮೆ ನೋಡಿದರು. ನನ್ನನ್ನು ನೋಡಿದರು. ಹೋಗಿ ಮೆಟ್ಟುಗತ್ತಿಯ ಮುಂದೆ ಕೂತರು.

ಬೆಳಿಗ್ಗೆ ನಾನೇಳುವ ಹೊತ್ತಿಗೆ ಅತ್ತೆ ಜಗಲಿಯ ಬಿಸಿಲಿನಲ್ಲಿ ನೀಲಿ ಸ್ವೆಟರನ್ನು ತೊಡೆಯ ಮೇಲೆ ಹಾಕಿಕೊಂಡಿದ್ದರು. ಕೈಯಲ್ಲಿ ಸಣ್ಣ ಕತ್ತರಿ, ದಬ್ಬಣ. ಹೆಗಲಿನ ಹೊಲಿಗೆಯನ್ನು ಹುಡುಕಿ, ಒಂದು ಎಳೆ ಎತ್ತಿ, ಕತ್ತರಿಸಿ, ಎಳೆದರು. ಇಪ್ಪತ್ತು ವರ್ಷ ಬಿಗಿದು ಕೂತಿದ್ದ ದಾರ ಸುಲಭಕ್ಕೆ ಬರಲಿಲ್ಲ. ಎರಡು ಗಂಟೆ ಹಿಡಿಯಿತು. ಕೊನೆಗೆ ಬೆನ್ನು, ಎದೆ, ಎರಡು ತೋಳು, ನಾಲ್ಕು ತುಂಡುಗಳೂ ಚಾಪೆಯ ಮೇಲೆ ಬೇರೆ ಬೇರೆಯಾಗಿ ಬಿದ್ದಿದ್ದವು, ಅವರು ಹೊಲಿಯುವ ಮೊದಲು ಎಂದೋ ಒಂದು ದಿನ ಬಿದ್ದಿದ್ದ ಹಾಗೆ. ಸ್ವೆಟರಿನ ಮೇಲ್ಮೈ ಬಿಸಿಲಿಗೆ ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು. ಹೊಲಿಗೆಯ ಒಳಗೆ ಅಡಗಿದ್ದ ಅಂಚು ಮಾತ್ರ ಅಂಗಡಿಯಿಂದ ತಂದ ದಿನದ ನೀಲಿ.

"ನಂಗೆ ಹೇಳಬಹುದಿತ್ತು," ಅಂದರು. ನನಗೆ ಹೇಳಿದ್ದೋ, ಒಳಗೆ ಕಾಫಿ ಕುಡಿಯುತ್ತಿದ್ದ ತಮ್ಮನಿಗೆ ಹೇಳಿದ್ದೋ ತಿಳಿಯಲಿಲ್ಲ. ಅಪ್ಪಯ್ಯ ಬಾಗಿಲಿಗೆ ಬಂದು ನಿಂತರು. "ಬೆಚ್ಚಗಿತ್ತಲ್ಲ ಅಕ್ಕಯ್ಯ, ಅದಕ್ಕೆ," ಅಂದರು. ಮತ್ತೆ ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

ಅತ್ತೆಯ ಲೆಕ್ಕ ಸರಳವಾಗಿತ್ತು. ಕೊರಳಿನಿಂದ ಶುರುವಾದ ಸ್ವೆಟರಿಗೆ ಮುಂಗೈಯೇ ಕೊನೆ, ಕೊನೆಯಿಂದ ಬಿಚ್ಚುವುದು ಸಲೀಸು. ಬಲತೋಳಿನ ಬಾರ್ಡರ್ ಬಿಚ್ಚಿದರೆ ಬರುವ ದಾರ ಎಡತೋಳಿನ ಮೂರು ಇಂಚಿಗೆ ಸಾಕು. ಎರಡು ಮುಂಗೈಗೂ ನೀಲಿ ಬಾರ್ಡರ್. ನೀಲಿ ತೋಳೊಂದನ್ನು ಹೆಗಲಿನ ತುದಿಯಿಂದ ಅವರೇ ಬಿಚ್ಚಿಕೊಟ್ಟರು, ನಾನು ಹೆಣೆದೆ. ಸಂಕ್ರಾಂತಿಗೆ ಎರಡು ದಿನ ಮುಂಚೆ ಮುಗಿಯಿತು. ಅಪ್ಪಯ್ಯ ಬಲಗೈ ಮೊದಲು ಹಾಕಿ, ಯಾರ ಸಹಾಯವೂ ಇಲ್ಲದೆ ತೊಟ್ಟುಕೊಂಡು, ಎಡಗೈಯಿಂದ ಐದು ಗುಂಡಿ ಹಾಕಿಕೊಂಡು ಒಲೆಯ ಮುಂದೆ ಬಂದು ಕೂತರು. ಆ ರಾತ್ರಿಯೇ ಬಲಗಡೆಯ ನೀಲಿಗೆ ಚೊಗರು ಸಿಡಿದು, ಕಾಫಿ ಬಣ್ಣಕ್ಕಿಂತ ಕಪ್ಪಾದ ಒಂದು ಕಲೆಯಾಯಿತು. ಅದು ಎಷ್ಟು ಸಲ ತೊಳೆದರೂ ಹೋಗಲಿಲ್ಲ.

ಮಿಕ್ಕ ನೀಲಿಯನ್ನೆಲ್ಲ ಅತ್ತೆ ಬಿಚ್ಚಿ ಉಂಡೆ ಮಾಡಿಕೊಂಡು ತಮ್ಮ ಊರಿಗೆ ಒಯ್ದರು. ಮುಂದಿನ ಕೊಯ್ಲಿಗೆ ಬರುವಾಗ ಚೀಲದಲ್ಲಿ ಒಂದು ಮಂಕಿಕ್ಯಾಪ್ ಇತ್ತು. ಒಂದು ಸಾಲು ಮಾಸಿದ ನೀಲಿ, ಒಂದು ಸಾಲು ಗಾಢ ನೀಲಿ. ನೆತ್ತಿಯ ಮೇಲೆ ಎಂಟು ಕುಣಿಕೆಯಿಂದ ಶುರುಮಾಡಿ ಕತ್ತಿನವರೆಗೆ ಐದು ಕಡ್ಡಿಯಲ್ಲಿ ಸುತ್ತಿ ಸುತ್ತಿ ಇಳಿಸಿದ್ದರು. ಅಪ್ಪಯ್ಯನ ಕೈಗೆ ಕೊಡುವ ಮೊದಲು ಅದನ್ನು ಒಳಮಗ್ಗುಲು ತಿರುಗಿಸಿ ನನ್ನ ಮುಂದೆ ಹಿಡಿದರು.

"ಎಲ್ಲಾದ್ರೂ ಗೆರೆ ಸಿಗತ್ತಾ, ಕೈ ಆಡಿಸಿ ನೋಡು."